ಡಿಸ್ಕ್ ಖಾಲಿ, ಆದ್ರೂ ಜಾಗ ಇಲ್ಲ

ಬುಧವಾರ ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. ಭೋಸರಿಯ ಕಾಕಾ. ಎಂಐಡಿಸಿಯಲ್ಲಿ, ಅಂದರೆ ಅಲ್ಲಿನ ಕೈಗಾರಿಕಾ ವಸಾಹತಿನಲ್ಲಿ, ಅವರದ್ದೊಂದು ಡೈ ಮಾಡುವ ಶೆಡ್ ಇದೆ. ಡೈ ಅಂದರೆ ಪ್ರೆಸ್ಸಿನಲ್ಲಿ ತಗಡಿಗೆ ಆಕಾರ ಕೊಡುವ ಅಚ್ಚು. ಊರು ನಿಪ್ಪಾಣಿ ಕಡೆ. ಪುಣೆಗೆ ಬಂದು ನಲವತ್ತು ವರ್ಷ ಆದರೂ ನನ್ನ ಹತ್ತಿರ ಮಾತ್ರ ಕನ್ನಡವೇ. ನಾನು ಧಾರವಾಡದವನು ಅನ್ನೋದು ಗೊತ್ತಾದ ದಿನದಿಂದ ಅವರ ಮಟ್ಟಿಗೆ ನಾನು ಮನೆಯವನೇ.

"ಸರ್ರ, ನಾಳೆ ಗುರುವಾರ ಸೂಟಿ ಐತಿ. ಒಂದ್ ತಾಸು ಬಂದು ಹೋಗ್ರಿ. ಆ ಹಳೇ ಮಷೀನ್ ಜಾಗಾ ಇಲ್ಲ, ಜಾಗಾ ಇಲ್ಲ ಅಂತೈತಿ. ಹುಡುಗ ಮೂರ್ ದಿನದಿಂದ ಬರೀ ಡಿಲೀಟ್ ಮಾಡಾಕತ್ತಾನ."

ಕೊನೆಯ ಮಾತು ಕೇಳಿ ನನಗೆ ನಿದ್ದೆ ಹಾರಿತು.

ಆ ಹಳೇ ಮಷೀನ್ ಅಂದರೆ ಸನ್ ಕಂಪನಿಯ ಸ್ಪಾರ್ಕ್‌ಸ್ಟೇಷನ್ 5. ಪಿಜ್ಜಾ ಡಬ್ಬಿಯಂಥ ಚಪ್ಪಟೆ ಪೆಟ್ಟಿಗೆ, ಅದರ ತಲೆ ಮೇಲೆ ಎತ್ತಲು ಇಬ್ಬರು ಬೇಕಾಗುವಷ್ಟು ಭಾರದ ಮಾನಿಟರ್. 1994ರಲ್ಲಿ ಬಂದ ಮಾಡೆಲ್ ಅದು. ಕಾಕಾ ತಗೊಂಡಿದ್ದು 1996ರಲ್ಲಿ. ಒಳಗೆ 110 ಮೆಗಾಹರ್ಟ್ಜ್ ಪ್ರೊಸೆಸರ್, 64 ಎಂಬಿ ಮೆಮೊರಿ, ಸನ್ನಿನದೇ ಯೂನಿಕ್ಸ್ ಆಪರೇಟಿಂಗ್ ಸಿಸ್ಟಂ ಆದ ಸೋಲಾರಿಸ್ 2.6. ಇವತ್ತು ಸ್ಮಾರ್ಟ್ ಕೈಗಡಿಯಾರದಲ್ಲೂ ಇದಕ್ಕಿಂತ ಜಾಸ್ತಿ ಮೆಮೊರಿ ಇರುತ್ತೆ. ಆದರೆ ಕಾಕಾ ಅದನ್ನು ಗುಜರಿಗೆ ಹಾಕುವ ಹಾಗಿಲ್ಲ. ಆಗ ಬರೆದ ಡೈಗಳ ಡ್ರಾಯಿಂಗ್ ಎಲ್ಲ ಅದರಲ್ಲಿರುವ ಒಂದು ಕ್ಯಾಡ್ (ನಕ್ಷೆ ಬರೆಯುವ) ಸಾಫ್ಟ್‌ವೇರಿನಲ್ಲಿ ಮಾತ್ರ ಸರಿಯಾಗಿ ತೆರೆಯುತ್ತವೆ. 1998ರಲ್ಲಿ ಮಾಡಿಕೊಟ್ಟ ಡೈ ಇನ್ನೂ ಚಾಕಣದಲ್ಲಿ ಎಲ್ಲೋ ಪ್ರೆಸ್ಸಿನ ಕೆಳಗೆ ಓಡುತ್ತಿದೆ. ವರ್ಷಕ್ಕೆ ಎಂಟು ಹತ್ತು ಸಲ ಯಾರಾದರೂ ಹಳೇ ಗಿರಾಕಿ ಬಂದು "ಪಂಚ್ ಮುರಿದಿದೆ, ಹೊಸದು ಮಾಡಿಕೊಡಿ" ಅಂತಾರೆ. ಆಗ ಮಷೀನ್ ಬೇಕು.

ಗುರುವಾರ ಬೆಳಿಗ್ಗೆ ಕೋಥ್ರೂಡಿನಿಂದ ಸ್ಕೂಟರಿನಲ್ಲಿ ಹೊರಟೆ. ನಾಶಿಕ್ ಫಾಟಾ ದಾಟುವಷ್ಟರಲ್ಲಿ ಮಳೆ. ಶೆಡ್ಡಿಗೆ ಹೋದಾಗ ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಗುರುವಾರ ಆದ್ದರಿಂದ ಪ್ರೆಸ್ಸುಗಳೆಲ್ಲ ಸುಮ್ಮನಿದ್ದವು. ಪುಣೆ ಎಂಐಡಿಸಿಗೆ ವಾರದ ರಜೆ ಅವತ್ತೇ. ಈ ಗುರುವಾರದ ಸಂಗತಿ ಮುಂದೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಮಷೀನಿನ ಮುಂದೆ ಕಾಕಾನ ತಂಗಿ ಮಗ ಕೂತಿದ್ದ. ಇಪ್ಪತ್ಮೂರು ವರ್ಷದ ಹುಡುಗ, ಚುರುಕು. ಯೂನಿಕ್ಸಿನ ಹಾಗೇ ಇರುವ ಲಿನಕ್ಸ್ ಗೊತ್ತು. ಅದೇ ಸ್ವಲ್ಪ ತೊಂದರೆ ಮಾಡಿದ್ದು ಅಂತ ಆಮೇಲೆ ಗೊತ್ತಾಯಿತು. ಮಾನಿಟರಿನ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದ ಮರಾಠಿ ಚೀಟಿ: "ಬಂದ್ ಕರೂ ನಕಾ". ಆಫ್ ಮಾಡಬೇಡಿ.

"ತೋರಿಸು, ಏನಾಗುತ್ತೆ?"

ಅವನು ಒಂದು ಡ್ರಾಯಿಂಗ್ ತೆರೆದ. ನಿಧಾನಕ್ಕೆ ಗೆರೆ ಗೆರೆಯಾಗಿ ಬಂತು. ಡ್ರಾಯಿಂಗನ್ನು ದೊಡ್ಡ ಹಾಳೆಗೆ ಇಳಿಸುವ ಪ್ಲಾಟ್ ಒತ್ತಿದ. ಎರಡು ಸೆಕೆಂಡು ಬಿಟ್ಟು ಒಂದು ಡಬ್ಬಿ ಎದ್ದು ನಿಂತಿತು. "ನಾಟ್ ಇನಫ್ ಸ್ಪೇಸ್."

"ನೋಡ್ರಿ ಸರ್, ಡಿಸ್ಕ್ ಫುಲ್ ಅಂತಿದೆ. /ಎಕ್ಸ್‌ಪೋರ್ಟ್/ಹೋಮ್ 94 ಪರ್ಸೆಂಟ್ ಇತ್ತು. ಹಳೇ ಜಾಬ್ ಎಲ್ಲ ತೆಗೆದು 61ಕ್ಕೆ ತಂದೀನಿ. ಆದ್ರೂ ಅದೇ ಹೇಳ್ತದ."

ಡ್ರಾಯಿಂಗ್ ಇರುವ 1.2 ಜಿಬಿ ಪಾರ್ಟಿಷನ್, ಅಂದರೆ ಡಿಸ್ಕಿನ ಒಂದು ಪಾಲು, ಅದು. 94ರಿಂದ 61 ಅಂದರೆ ಸುಮಾರು 400 ಎಂಬಿ. ಆ ಕಾಲದ ಒಂದು ಡ್ರಾಯಿಂಗ್ ಒಂದೆರಡು ಎಂಬಿ. ಲೆಕ್ಕ ಹಾಕಿ, ಎಷ್ಟು ಡೈ ಹೋದವು ಅಂತ. ನಾನು ಕಾಕಾನ ಮುಖ ನೋಡಲಿಲ್ಲ. "ಕೀಬೋರ್ಡ್ ಇಲ್ಲಿ ಕೊಡಪ್ಪ" ಅಂದೆ, ಅಷ್ಟೆ.

ಇಲ್ಲಿ ಹುಡುಗನನ್ನು ಬೈದು ಪ್ರಯೋಜನ ಇಲ್ಲ. ತಪ್ಪು ಆ ಮೆಸೇಜಿನದ್ದು. ಯೂನಿಕ್ಸಿನಲ್ಲಿ ಪ್ರತಿ ಎಡವಟ್ಟಿಗೂ ಒಂದು ನಂಬರ್ ಇದೆ, ನಂಬರಿಗೆ ಒಂದು ವಾಕ್ಯ ಇದೆ. ಡಿಸ್ಕ್ ನಿಜವಾಗಿ ತುಂಬಿದರೆ 28ನೇ ನಂಬರ್. ಅದರ ವಾಕ್ಯ "ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್". ಮೆಮೊರಿ ಸಿಗದಿದ್ದರೆ 12ನೇ ನಂಬರ್. ಲಿನಕ್ಸಿನಲ್ಲಿ ಇದಕ್ಕೆ "ಕೆನಾಟ್ ಅಲೊಕೇಟ್ ಮೆಮೊರಿ" ಅಂತ ನೇರವಾಗಿ ಬರುತ್ತೆ. ಸೋಲಾರಿಸಿನಲ್ಲಿ ಅದೇ 12ಕ್ಕೆ "ನಾಟ್ ಇನಫ್ ಸ್ಪೇಸ್" ಅಂತ ಬರೆದಿದ್ದಾರೆ. ಯಾವ ಸ್ಪೇಸು, ಎಲ್ಲಿಯ ಸ್ಪೇಸು ಅಂತ ಒಂದಕ್ಷರ ಇಲ್ಲ. ಸ್ವಾಪ್ ಸ್ಪೇಸ್ ಅಂತ ಅರ್ಥ ಮಾಡಿಕೊಳ್ಳಬೇಕು. ಮೆಮೊರಿಯಲ್ಲಿ ಹಿಡಿಸದ್ದನ್ನು ತಾತ್ಕಾಲಿಕವಾಗಿ ಇಡಲು ಡಿಸ್ಕಿನಲ್ಲಿ ತೆಗೆದಿಟ್ಟ ಜಾಗ ಅದು. 1999ರಲ್ಲಿ ನಾನು ಇದೇ ಮೆಸೇಜಿಗೆ ಹೆದರಿ ಒಂದು ಡಿಸೈನ್ ಆಫೀಸಿನಲ್ಲಿ ರಾತ್ರಿಯಿಡೀ ಕೂತು ಹಳೇ ಲಾಗ್ ಫೈಲುಗಳನ್ನು ಅಳಿಸಿದ್ದೆ. ಹಾಗಾಗಿ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನ್ನ ಪುಣ್ಯ, ನಾನು ಅಳಿಸಿದ್ದು ಲಾಗ್.

ರೂಟ್ ಆಗಿ, ಅಂದರೆ ಮಷೀನಿನ ಯಜಮಾನನಾಗಿ, ಒಳಗೆ ಹೋಗಿ ಮೊದಲು ಸ್ವಾಪಿನ ಲೆಕ್ಕ ಕೊಡುವ 'ಸ್ವಾಪ್ -ಎಲ್' ಆಜ್ಞೆ ಹೊಡೆದೆ. ಒಂದೇ ಸಾಲು ಬಂತು. ಡಿಸ್ಕಿನ ಸ್ಲೈಸ್ 1, ಸನ್ನಿನಲ್ಲಿ ಮೊದಲಿನಿಂದಲೂ ಸ್ವಾಪಿಗೆ ಮೀಸಲಿಡುವ ಸ್ಲೈಸ್ ಅದು. ಬ್ಲಾಕ್ಸ್ ಸುಮಾರು 1,31,000. ಫ್ರೀ ಸುಮಾರು 1,09,000. ಈ ಬ್ಲಾಕ್ ಅಂದರೆ 512 ಬೈಟ್, ಕೆಬಿ ಅಲ್ಲ. ಕೆಬಿ ಅಂದುಕೊಂಡರೆ ಲೆಕ್ಕ ಎರಡು ಪಟ್ಟು ತಪ್ಪುತ್ತೆ. ಅಂದರೆ 64 ಎಂಬಿ ಸ್ವಾಪ್, ಅದರಲ್ಲಿ 53 ಎಂಬಿ ಖಾಲಿ.

"ಮತ್ತ? ಸ್ವಾಪೂ ಖಾಲಿ ಐತಲ್ರಿ" ಅಂದ ಹುಡುಗ. ಇದನ್ನು ಅವನು ಮೊದಲೇ ನೋಡಿದ್ದನಂತೆ. ನೋಡಿಯೇ ಸ್ವಾಪಿನ ತೊಂದರೆ ಅಲ್ಲ ಅಂತ ತೀರ್ಮಾನ ಮಾಡಿ ಡಿಲೀಟ್ ಶುರು ಮಾಡಿದ್ದು.

ಆಮೇಲೆ 'ಸ್ವಾಪ್ -ಎಸ್' ಹೊಡೆದೆ. ಅದು ಒಂದೇ ಸಾಲಿನ ಲೆಕ್ಕ ಕೊಡುತ್ತೆ. ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದು ಹೀಗೆ: ಅಲೊಕೇಟೆಡ್ 61,240ಕೆ, ರಿಸರ್ವ್ಡ್ 34,112ಕೆ, ಒಟ್ಟು ಯೂಸ್ಡ್ 95,352ಕೆ, ಅವೈಲಬಲ್ 19,480ಕೆ.

ಒಂದು ಆಜ್ಞೆ 53 ಎಂಬಿ ಖಾಲಿ ಅನ್ನುತ್ತೆ. ಇನ್ನೊಂದು 19 ಎಂಬಿ ಮಾತ್ರ ಇದೆ ಅನ್ನುತ್ತೆ. ಎರಡೂ ಸುಳ್ಳಲ್ಲ.

ಕಾಕಾ ಹಿಂದೆ ಸ್ಟೂಲ್ ಹಾಕಿಕೊಂಡು ಕೂತು ಎಲ್ಲ ನೋಡುತ್ತಿದ್ದರು. ಅವರಿಗೆ ಹೇಗೆ ಹೇಳೋದು ಅಂತ ಯೋಚಿಸುವಾಗ ಹುಬ್ಬಳ್ಳಿ ಹಳೇ ಬಸ್ ಸ್ಟ್ಯಾಂಡ್ ನೆನಪಾಯಿತು.

"ಕಾಕಾ, ಬಸ್ಸು ಬಂದ ಕೂಡಲೆ ಕಿಟಕಿಯಿಂದ ಟವೆಲ್ ಒಗೀತಿದ್ವಿ ನೋಡ್ರಿ, ಸೀಟ್ ಹಿಡಿಯಾಕ?"

"ಹೂಂ. ಒಮ್ಮೆ ಟೊಪ್ಪಿಗಿ ಒಗದು ಟೊಪ್ಪಿಗಿನೂ ಹೋತು, ಸೀಟೂ ಹೋತು."

"ಈಗ ಆ ಬಸ್ಸಿನಾಗ ಹತ್ತಿ ನೋಡಿದ್ರ ಕುಂತವರು ಹತ್ತೇ ಮಂದಿ. ಆದ್ರ ಎಲ್ಲಾ ಸೀಟಿನ ಮ್ಯಾಲೂ ಟವೆಲ್. ಹೊಸಾ ಮನುಷ್ಯಾ ಬಂದ್ರ ಕಂಡಕ್ಟರ್ ಏನಂತಾನ?"

"ಜಾಗಾ ಇಲ್ಲ ಅಂತಾನ." ಒಂದು ಕ್ಷಣ ಬಿಟ್ಟು, "ಅಂದ್ರ ಮಂದಿ ಕಡಿಮಿ, ಟವೆಲ್ ಜಾಸ್ತಿ. ಹೌದಿಲ್ಲೊ?"

ಅಷ್ಟೇ ಸಂಗತಿ. ಮೂವತ್ತು ವರ್ಷದ ಹಿಂದೆ ನನಗೆ ಇದನ್ನು ಯಾರಾದರೂ ಹೀಗೆ ಹೇಳಿದ್ದರೆ ಎಷ್ಟು ರಾತ್ರಿ ಉಳಿಯುತ್ತಿತ್ತೋ. 'ಸ್ವಾಪ್ -ಎಲ್' ಎಣಿಸೋದು ಕುಂತವರನ್ನು. ಅಂದರೆ ನಿಜವಾಗಿ ಡಿಸ್ಕಿಗೆ ಹೋಗಿ ಬಿದ್ದ ಮೆಮೊರಿಯ ತುಂಡುಗಳನ್ನು, ಅವಕ್ಕೆ ಪುಟ ಅಂತಾರೆ. 'ಸ್ವಾಪ್ -ಎಸ್' ಟವೆಲ್ಲನ್ನೂ ಸೇರಿಸಿ ಎಣಿಸುತ್ತೆ. ಒಂದು ಪ್ರೋಗ್ರಾಂ 10 ಎಂಬಿ ಕೇಳಿದರೆ ಸೋಲಾರಿಸ್ ಆ ಕ್ಷಣವೇ 10 ಎಂಬಿಗೆ ಟವೆಲ್ ಹಾಕಿಡುತ್ತೆ. ಅದು ಬಳಸುತ್ತೋ ಬಿಡುತ್ತೋ ಆಮೇಲಿನ ಮಾತು. ಟವೆಲ್ ಹಾಕಲು ಸೀಟು ಇಲ್ಲದಿದ್ದರೆ ಮುಖದ ಮೇಲೆಯೇ ಇಲ್ಲ ಅನ್ನುತ್ತೆ. ಈ ಸೀಟುಗಳ ಒಟ್ಟು ಲೆಕ್ಕದಲ್ಲಿ ಡಿಸ್ಕಿನ ಸ್ವಾಪೂ ಸೇರುತ್ತೆ, ಸೋಲಾರಿಸಿನ ತಿರುಳಾದ ಕರ್ನಲ್ ತನ್ನ ಪಾಲು ಹಿಡಿದುಕೊಂಡು ಉಳಿದ ಮೆಮೊರಿಯೂ ಸೇರುತ್ತೆ. ಇಲ್ಲಿ ಎರಡೂ ಕೂಡಿ 112 ಎಂಬಿ. ಅದರಲ್ಲಿ 93 ಎಂಬಿ ಹೋಗಿದೆ.

ಸರಿ, 19 ಎಂಬಿ ಉಳಿದಿದೆಯಲ್ಲ. ಪ್ಲಾಟ್ ಮಾಡಲು ಅದು ಸಾಲದಾ?

ಇಲ್ಲಿ 'ಟ್ರಸ್' ಬೇಕಾಯಿತು. ಓಡುತ್ತಿರುವ ಪ್ರೋಗ್ರಾಂ ಕರ್ನಲ್ಲಿಗೆ ಏನೇನು ಕೇಳುತ್ತೆ, ಕರ್ನಲ್ ಏನು ಉತ್ತರ ಕೊಡುತ್ತೆ ಅನ್ನೋದನ್ನು ಸಾಲು ಸಾಲಾಗಿ ತೋರಿಸುವ ಸಲಕರಣೆ ಅದು. ಸೋಲಾರಿಸಿನಲ್ಲಿ ನನಗೆ ಅತಿ ಇಷ್ಟದ್ದು. ಕ್ಯಾಡ್ ಪ್ರೋಗ್ರಾಮಿನ ನಂಬರ್ ಹಿಡಿದು ಟ್ರಸ್ ಹಚ್ಚಿ, "ಈಗ ಪ್ಲಾಟ್ ಒತ್ತು" ಅಂದೆ. ಸಾಲುಗಳು ಮಳೆ ಬಿದ್ದ ಹಾಗೆ ಓಡಿದವು. ಪ್ಲಾಟ್ ಫೈಲ್ ಬರೆಯಿತು, ಮುಚ್ಚಿತು, ಅದರಲ್ಲಿ ಯಾವ ತೊಂದರೆಯೂ ಇಲ್ಲ. ಅದರ ಕೆಳಗೆ ಇತ್ತು ನೋಡಿ: ಫೋರ್ಕ್, ಪಕ್ಕದಲ್ಲಿ ಎರರ್ 12.

ಪ್ಲಾಟ್ ಫೈಲನ್ನು ಪ್ಲಾಟರಿಗೆ ಕಳಿಸಲು ಕ್ಯಾಡ್ ಒಂದು ಸಣ್ಣ ಸ್ಕ್ರಿಪ್ಟನ್ನು ಕರೆಯುತ್ತೆ. ಯೂನಿಕ್ಸಿನಲ್ಲಿ ಬೇರೆ ಪ್ರೋಗ್ರಾಂ ಕರೆಯುವ ಹಳೇ ಪದ್ಧತಿ ಅಂದರೆ ಮೊದಲು ಫೋರ್ಕ್, ತನ್ನದೇ ಒಂದು ಪ್ರತಿ. ಆ ಪ್ರತಿ ಆಮೇಲೆ ವೇಷ ಬದಲಿಸಿ ಬೇಕಾದ ಪ್ರೋಗ್ರಾಂ ಆಗುತ್ತೆ. ಪ್ರತಿ ಅಂದರೆ ಎಲ್ಲ ಮೆಮೊರಿಯನ್ನೂ ಕುಳಿತು ನಕಲು ಮಾಡೋದಿಲ್ಲ, ಬರೆದಾಗ ಮಾತ್ರ ಪುಟ ಬೇರೆಯಾಗುತ್ತೆ. ಆದರೆ ಟವೆಲ್ ಮಾತ್ರ ಪೂರ್ತಿ ಬೇಕು. ಆ ಪ್ರತಿ ಎಲ್ಲ ಪುಟದಲ್ಲೂ ಬರೆದುಬಿಟ್ಟರೆ ಏನು ಗತಿ ಅಂತ ಸೋಲಾರಿಸ್ ಮುಂದಾಲೋಚನೆ ಮಾಡುತ್ತೆ.

ಓಡುವ ಪ್ರೋಗ್ರಾಮುಗಳ ಪಟ್ಟಿ ಕೊಡುವ 'ಪಿಎಸ್' ಹೊಡೆದು ನೋಡಿದೆ. ದೊಡ್ಡ ಡ್ರಾಯಿಂಗ್ ತೆರೆದಾಗ ಕ್ಯಾಡಿನ ಅಳತೆ 13,000 ಪುಟದ ಹತ್ತಿರ. ಈ ಮಷೀನಿನಲ್ಲಿ ಒಂದು ಪುಟ 4 ಕೆಬಿ. ಅಂದರೆ 50 ಎಂಬಿ ಮೇಲೆ. ಪ್ರೋಗ್ರಾಮಿನ ಕೋಡ್ ಭಾಗಕ್ಕೆ ಟವೆಲ್ ಬೇಡ, ಅದು ಡಿಸ್ಕಿನ ಫೈಲಿನಿಂದಲೇ ಬರುತ್ತೆ. ಅದನ್ನು ಬಿಟ್ಟರೂ 42 ಎಂಬಿ ಆಗುತ್ತೆ. ಅಂದರೆ ಐದು ಕೆಬಿ ಸ್ಕ್ರಿಪ್ಟ್ ಓಡಿಸಲು ಇನ್ನೊಂದು 42 ಎಂಬಿ ಕಾದಿರಿಸಬೇಕು, ಅದೂ ಅರ್ಧ ಸೆಕೆಂಡಿಗೆ. ಮುಂದಿನ ಸ್ಟಾಪಿಗೆ ಇಳಿಯುವವನು ಇಡೀ ಮದುವೆ ದಿಬ್ಬಣದ ಸೀಟು ಕೇಳಿದ ಹಾಗೆ. ಇರೋದು 19. ಕಂಡಕ್ಟರ್ ಇಲ್ಲ ಅಂದ.

ಹುಡುಗನಿಗೆ ಇದು ಅನ್ಯಾಯ ಅನ್ನಿಸಿತು. "ಲಿನಕ್ಸಿನಾಗ ಹಿಂಗ ಆಗೂದಿಲ್ರಿ." ನಿಜ, ಆಗೋದಿಲ್ಲ. ಲಿನಕ್ಸ್ ಸಾಮಾನ್ಯವಾಗಿ ಸೀಟಿಗಿಂತ ಜಾಸ್ತಿ ಟಿಕೆಟ್ ಹರಿದು ಕೊಡುತ್ತೆ. ಎಲ್ಲರೂ ಒಟ್ಟಿಗೆ ಬರೋದಿಲ್ಲ ಅನ್ನೋ ಧೈರ್ಯ. ಬಂದುಬಿಟ್ಟರೆ ದಪ್ಪನೆಯವನೊಬ್ಬನನ್ನು ಆರಿಸಿ ಓಡುವ ಬಸ್ಸಿನಿಂದ ತಳ್ಳುತ್ತೆ. ಅಲ್ಲಿ ಸಾಯೋದು ಹೆಚ್ಚಾಗಿ ನಿಮ್ಮ ಡೇಟಾಬೇಸೇ. ಐಬಿಎಮ್ಮಿನ ಯೂನಿಕ್ಸ್ ಆದ ಎಐಎಕ್ಸ್ ತಳ್ಳುವ ಮೊದಲು ಸಿಗ್‌ಡೇಂಜರ್ ಅಂತ ಒಂದು ಸೀಟಿ ಊದುತ್ತೆ, ಇಳಿಯುವವರು ಇಳೀರಿ ಅಂತ. ಎಚ್‌ಪಿ ಯೂನಿಕ್ಸೂ ಸೋಲಾರಿಸಿನ ಹಾಗೇ ಮೊದಲೇ ಕಾದಿರಿಸುವ ಮನುಷ್ಯ, ಅದರ ಲೆಕ್ಕ 'ಸ್ವಾಪ್‌ಇನ್ಫೊ'ದಲ್ಲಿ ಸಿಗುತ್ತೆ. ನನ್ನನ್ನು ಕೇಳಿದರೆ ಸೋಲಾರಿಸಿನ ರೀತಿಯೇ ಮರ್ಯಾದಸ್ಥರ ರೀತಿ. ಕೊಡಲಾಗದ್ದನ್ನು ಒಪ್ಪಿಕೊಳ್ಳೋದಿಲ್ಲ. ಆದರೆ ಇಲ್ಲ ಅನ್ನುವಾಗ ಯಾವುದು ಇಲ್ಲ ಅಂತ ಸರಿಯಾಗಿ ಹೇಳಬಹುದಿತ್ತು.

ಇಷ್ಟು ಗೊತ್ತಾದರೂ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯುತ್ತಿತ್ತು. ಈ ಮಷೀನು, ಈ ಸಾಫ್ಟ್‌ವೇರು, ಇದೇ ಡ್ರಾಯಿಂಗುಗಳು ಇಪ್ಪತ್ತು ವರ್ಷದ ಮೇಲಿಂದ ನಡೆದಿವೆ. ಈಗ ಮಾತ್ರ ಯಾಕೆ? ಈ ಪ್ರಶ್ನೆ ಬಿಟ್ಟು ಸುಮ್ನೆ ಸ್ವಾಪ್ ಜಾಸ್ತಿ ಮಾಡಿ ಮನೆಗೆ ಹೋದರೆ ಆರು ತಿಂಗಳಿಗೆ ಮತ್ತೆ ಫೋನು.

'ಅಪ್‌ಟೈಮ್' ಹೊಡೆದೆ. ಮಷೀನು ಏಳಿಸಿ 212 ದಿನ.

"ಇದನ್ನ ವಾರಕ್ಕೊಮ್ಮೆ ಆಫ್ ಮಾಡ್ತಿದ್ರಿ ಅಲ್ವಾ ಕಾಕಾ?"

"ಮಾಡ್ತಿದ್ವಿ. ಬುಧವಾರ ಸಂಜಿಕ ಬಂದ್, ಶುಕ್ರವಾರ ಮುಂಜಾನೆ ಚಾಲೂ. ಆ ಬ್ಯಾಟರಿ ಸತ್ತ ಮ್ಯಾಲೆ ಬಿಟ್ವಿ."

ಬ್ಯಾಟರಿ! ಮಾನಿಟರಿನ ಚೀಟಿಯ ಕಥೆ ಅದು. ಈ ಕಾಲದ ಸನ್ ಮಷೀನುಗಳಲ್ಲಿ ಎನ್‌ವಿರ್ಯಾಮ್ ಅಂತ ಒಂದು ಚಿಪ್ ಇರುತ್ತೆ. ಗಡಿಯಾರ, ಈಥರ್ನೆಟ್ ವಿಳಾಸ, ಮಷೀನಿನ ಗುರುತಿನ ನಂಬರ್ ಆದ ಹೋಸ್ಟ್ ಐಡಿ ಎಲ್ಲ ಅದರಲ್ಲಿ. ಅದರ ಲಿಥಿಯಂ ಬ್ಯಾಟರಿ ಚಿಪ್ಪಿನ ಒಳಗೇ ಹುದುಗಿರುತ್ತೆ, ಸುಲಭಕ್ಕೆ ಬದಲಿಸಲು ಬರೋದಿಲ್ಲ. ಬ್ಯಾಟರಿ ಸತ್ತ ಮೇಲೆ ಕರೆಂಟ್ ತೆಗೆದರೆ ಮಷೀನು ತನ್ನ ಹೆಸರೇ ಮರೆಯುತ್ತೆ. ಈಥರ್ನೆಟ್ ವಿಳಾಸದ ಜಾಗದಲ್ಲಿ ಬರೀ ಎಫ್‌ಎಫ್ ಎಫ್‌ಎಫ್ ಅಂತ ತೋರಿಸುತ್ತೆ. ಕ್ಯಾಡಿನ ಲೈಸೆನ್ಸ್ ಹೋಸ್ಟ್ ಐಡಿಗೆ ಕಟ್ಟಿದ್ದು, ಹಾಗಾಗಿ ಕ್ಯಾಡೂ ಏಳೋದಿಲ್ಲ. ಬೂಟ್ ಆಗುವ ಮೊದಲು ಬರುವ 'ಓಕೆ' ಪ್ರಾಂಪ್ಟಿನಲ್ಲಿ ಒಂದೊಂದೇ ಬೈಟ್ ಮತ್ತೆ ತುಂಬಬೇಕು. ಅದನ್ನು ಬರೆದ ಹಾಳೆಯೊಂದು ಪೆಟ್ಟಿಗೆಯ ಬೆನ್ನಿಗೆ ಸೆಲ್ಲೋಟೇಪಿನಲ್ಲಿ ಅಂಟಿಕೊಂಡಿದೆ. ಈ ತಲೆಬೇನೆ ಬೇಡ ಅಂತ ಕಾಕಾ ಯುಪಿಎಸ್ ಹಾಕಿಸಿ ಮಷೀನನ್ನು ಆಫ್ ಮಾಡೋದೇ ಬಿಟ್ಟರು.

ಆಫ್ ಮಾಡದಿದ್ದರೆ ಏನಾಗುತ್ತೆ? ಮಷೀನಿಗೆ ಏನೂ ಆಗೋದಿಲ್ಲ. ತಾತ್ಕಾಲಿಕ ಫೈಲುಗಳ ಜಾಗವಾದ /ಟಿಎಂಪಿಗೆ ಆಗುತ್ತೆ.

ಜಾಗದ ಅಳತೆ ತೋರಿಸುವ 'ಡಿಎಫ್ -ಕೆ /ಟಿಎಂಪಿ' ಹೊಡೆದೆ. ಐದು ನಿಮಿಷ ಬಿಟ್ಟು ಇನ್ನೊಂದು ಡ್ರಾಯಿಂಗ್ ತೆರೆದು ಮತ್ತೆ ಹೊಡೆದೆ. ಹುಡುಗ ಮುಂದೆ ಬಗ್ಗಿ ನೋಡಿದ. ಪಾರ್ಟಿಷನ್ನಿನ ಒಟ್ಟು ಅಳತೆಯೇ ಕಡಿಮೆ ಆಗಿತ್ತು! ಡಿಸ್ಕ್ ಪಾರ್ಟಿಷನ್ ಎಲ್ಲಾದರೂ ಕೂತಲ್ಲೇ ಕುಗ್ಗುತ್ತಾ? ಕುಗ್ಗುತ್ತೆ, ಅದು ಡಿಸ್ಕ್ ಅಲ್ಲದಿದ್ದರೆ. ಸೋಲಾರಿಸಿನಲ್ಲಿ /ಟಿಎಂಪಿ ಇರೋದು ಟಿಎಂಪಿಎಫ್‌ಎಸ್ ಅನ್ನುವ ಬಗೆಯಲ್ಲಿ. ಅದರ ಫೈಲುಗಳು ಮೆಮೊರಿ ಮತ್ತು ಸ್ವಾಪಿನಲ್ಲಿ ಇರುತ್ತವೆ. /ಟಿಎಂಪಿಯಲ್ಲಿ ಒಂದು ಎಂಬಿ ಇಟ್ಟರೆ ಬಸ್ಸಿನಲ್ಲಿ ಒಂದು ಎಂಬಿ ಸೀಟು ಹೋಯಿತು ಅಂತಲೇ ಲೆಕ್ಕ. ವೇಗ ಚೆನ್ನಾಗಿರುತ್ತೆ. ರೀಬೂಟ್ ಆದರೆ ಎಲ್ಲ ಮಾಯ.

ಒಳಗೆ ನೋಡಿದರೆ ಪ್ಲಾಟ್ ಫೈಲುಗಳು, ಸಾಲಾಗಿ. 23 ಎಂಬಿ. ಹುಡುಗ ನಾಲ್ಕು ತಿಂಗಳ ಹಿಂದೆ ಒಂದು ಸ್ಕ್ರಿಪ್ಟ್ ಬರೆದಿದ್ದ. ಕ್ಯಾಡ್ ಕೊಟ್ಟ ಪ್ಲಾಟನ್ನು /ಟಿಎಂಪಿಯಲ್ಲಿ ಇಟ್ಟು ಆಫೀಸಿನ ವಿಂಡೋಸ್ ಪಿಸಿಗೆ ಕಳಿಸುತ್ತಿತ್ತು. ಕಳಿಸಿದ ಮೇಲೆ ಅಳಿಸುತ್ತಿರಲಿಲ್ಲ. ಹಿಂದಿನ ಕಾಲದ ಹಾಗೆ ಪ್ರತಿ ಬುಧವಾರ ಆಫ್ ಆಗಿದ್ದರೆ ವಾರಕ್ಕೊಮ್ಮೆ ತಾನೇ ಗುಡಿಸಿ ಹೋಗುತ್ತಿತ್ತು, ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಬ್ಯಾಟರಿ ಸತ್ತು, ಗುರುವಾರದ ರಜೆ ಮಷೀನಿಗೆ ತಪ್ಪಿತು. ರಜೆ ತಪ್ಪಿದ್ದಕ್ಕೆ ಕಸ ಕೂಡಿತು. /ವಾರ್/ಅಡ್ಮ್/ಮೆಸೇಜಸ್ ಫೈಲಿನಲ್ಲಿ ಒಂದು ಎಚ್ಚರಿಕೆಯೂ ಇತ್ತು: /ಟಿಎಂಪಿ ಫೈಲ್ ಸಿಸ್ಟಂ ಫುಲ್, ಸ್ವಾಪ್ ಸ್ಪೇಸ್ ಲಿಮಿಟ್ ಮೀರಿದೆ ಅಂತ. ಹುಡುಗ ಅದನ್ನು ಓದಿದ್ದ. ಅವನ ಕಣ್ಣಿಗೆ ಬಿದ್ದಿದ್ದು 'ಫೈಲ್ ಸಿಸ್ಟಂ ಫುಲ್' ತನಕ. ಅಲ್ಪವಿರಾಮದ ಆಚೆ ಇದ್ದ ಮಾತು ಬಿಟ್ಟುಹೋಯಿತು.

ಆ ಫೈಲುಗಳನ್ನೆಲ್ಲ /ಎಕ್ಸ್‌ಪೋರ್ಟ್/ಹೋಮ್‌ಗೆ ಸರಿಸಿದೆ. ಅಳಿಸಲಿಲ್ಲ. ಇವತ್ತು ಈ ಶೆಡ್ಡಿನಲ್ಲಿ ಇನ್ನು ಯಾರೂ ಏನೂ ಅಳಿಸಬಾರದು ಅಂತ ಮನಸ್ಸಿನಲ್ಲೇ ನಿರ್ಧಾರ ಮಾಡಿದ್ದೆ. ಅವೈಲಬಲ್ 42 ಎಂಬಿ ಹತ್ತಿರ ಬಂತು. ಸಣ್ಣ ಡ್ರಾಯಿಂಗ್ ಪ್ಲಾಟ್ ಆಯಿತು. ಹುಡುಗ ಚಪ್ಪಾಳೆ ತಟ್ಟಿದ. ದೊಡ್ಡದನ್ನು ಕೊಟ್ಟರೆ ಮತ್ತೆ ಅದೇ ಡಬ್ಬಿ. ಬೇಕಾದ್ದು 42, ಇರೋದು 42ರ ಆಸುಪಾಸು. ಇಂಥ ಅಂಚಿನಲ್ಲಿ ನಿಂತ ಮಷೀನುಗಳೇ ಮನುಷ್ಯನಿಗೆ ಹುಚ್ಚು ಹಿಡಿಸೋದು. ಒಮ್ಮೆ ಆಗುತ್ತೆ, ಒಮ್ಮೆ ಆಗೋದಿಲ್ಲ. ಎಲ್ಲರೂ ಪ್ಲಾಟರನ್ನು ಬೈಯುತ್ತಾ ಕೂರುತ್ತಾರೆ.

ಹಾಗಾದರೆ ಸ್ವಾಪ್ ಬೆಳೆಸಲೇಬೇಕು. 64 ಎಂಬಿ ಸ್ವಾಪ್ ಯಾಕೆ ಇಟ್ಟಿದ್ದರು ಅನ್ನೋದು ಸುಲಭಕ್ಕೆ ತಿಳಿಯುತ್ತೆ. ಮೊದಲು ಮೆಮೊರಿ 32 ಎಂಬಿ ಇತ್ತು. ಅದಕ್ಕೆ ಎರಡು ಪಟ್ಟು 64. ಈ ಎರಡು ಪಟ್ಟಿನ ಮಾತು ಇವತ್ತಿಗೂ ಜನರ ಬಾಯಲ್ಲಿದೆ. ಹಳೇ ಸನ್‌ಓಎಸ್ 4ರಲ್ಲಿ ಅದಕ್ಕೆ ಅರ್ಥ ಇತ್ತು. ಅಲ್ಲಿ ಡಿಸ್ಕಿನ ಸ್ವಾಪ್ ಎಷ್ಟೋ ಅಷ್ಟೇ ಟವೆಲ್, ಮೆಮೊರಿಯನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಸ್ವಾಪ್ ಮೆಮೊರಿಗಿಂತ ಕಡಿಮೆ ಇದ್ದರೆ ದುಡ್ಡು ಕೊಟ್ಟು ತಂದ ಮೆಮೊರಿಯೇ ಪೂರ್ತಿ ಬಳಕೆಗೆ ಬರದು. ಸೋಲಾರಿಸ್ 2ರಲ್ಲಿ ಮೆಮೊರಿಯೂ ಲೆಕ್ಕಕ್ಕೆ ಬಂತು, ಅಲ್ಲಿಗೆ ಆ ಗಾದೆಯ ಕೆಲಸ ಮುಗಿಯಿತು. ನನ್ನ ಲೆಕ್ಕ ಬೇರೆ. ಇರುವ ಅತಿ ದೊಡ್ಡ ಪ್ರೋಗ್ರಾಂ ಒಮ್ಮೆ ಫೋರ್ಕ್ ಆದರೆ ಎಷ್ಟು ಬೇಕು ಅಂತ ನೋಡಿ, ಅದರ ಮೇಲೆ ಧಾರಾಳವಾಗಿ ಸೇರಿಸೋದು.

ಸ್ಲೈಸ್ ದೊಡ್ಡದು ಮಾಡಬೇಕೆಂದರೆ ಡಿಸ್ಕನ್ನೇ ಮತ್ತೆ ಹಂಚಬೇಕು. ಬೇಡ. ಸೋಲಾರಿಸಿನಲ್ಲಿ ಒಂದು ಫೈಲನ್ನೇ ಸ್ವಾಪ್ ಮಾಡಬಹುದು. ಎಲ್ಲಿ ಇಡೋದು ಅಂತ ನೋಡುವಾಗ ಹುಡುಗ ಹೇಳಿದ: "ಸರ್, /ಟಿಎಂಪಿ ಈಗ ಖಾಲಿ ಆಗೇತಿ, ಅಲ್ಲೇ ಇಡ್ರಿ."

ನಾನು ಉತ್ತರ ಕೊಡುವ ಮೊದಲೇ ಕಾಕಾ ನಕ್ಕರು. "ಲೇ, ಸಾವಕಾರನ ಸಾಲ ತೀರಸಾಕ ಸಾವಕಾರನ ಕಡೆನ ಸಾಲ ತಗಂಡಂಗ ಆತಲ್ಲೋ ಅದು!" ಡೈ ಮಾಡುವ ಮನುಷ್ಯ, ಟವೆಲ್ ಲೆಕ್ಕ ಒಂದೇ ತಾಸಿನಲ್ಲಿ ನಮಗಿಂತ ಚೆನ್ನಾಗಿ ಹಿಡಿದಿದ್ದರು.

'ಎಂಕೆಫೈಲ್ 128ಎಂ /ಎಕ್ಸ್‌ಪೋರ್ಟ್/ಹೋಮ್/ಸ್ವಾಪ್‌ಫೈಲ್' ಅಂತ ಹೊಡೆದೆ. ಎಂಕೆಫೈಲ್ ಆ ಇಡೀ ಜಾಗಕ್ಕೆ ಸೊನ್ನೆ ತುಂಬುತ್ತಾ ಹೋಗುತ್ತೆ. ಹಳೇ ಸ್ಕಸಿ ಡಿಸ್ಕ್, ಕರ್ರ್ ಕರ್ರ್ ಅಂತ ಸದ್ದು. ಅದು ಮುಗಿಯುವಷ್ಟರಲ್ಲಿ ಚಹಾ ಬಂತು. ಆಗ ಹೊಳೆಯಿತು, ಈ 128 ಎಂಬಿ ಫೈಲ್ ಇಲ್ಲಿ ಹಿಡಿಸಿದ್ದೇ ಹುಡುಗ ಡ್ರಾಯಿಂಗ್ ಅಳಿಸಿದ್ದಕ್ಕೆ. 94 ಪರ್ಸೆಂಟ್ ಇದ್ದಾಗ ಉಳಿದಿದ್ದು 70 ಎಂಬಿ ಚಿಲ್ಲರೆ. ಇದನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ.

ಆಮೇಲೆ 'ಸ್ವಾಪ್ -ಎ' ಕೊಟ್ಟು ಆ ಫೈಲಿನ ಪೂರ್ತಿ ದಾರಿ ಬರೆದೆ. ರೀಬೂಟ್ ಬೇಕಿಲ್ಲ, ಆ ಕ್ಷಣವೇ ಸೇರುತ್ತೆ. 'ಸ್ವಾಪ್ -ಎಸ್' ಈಗ 1,70,000ಕೆ ಮೇಲೆ ಅವೈಲಬಲ್ ತೋರಿಸಿತು. ದೊಡ್ಡ ಡ್ರಾಯಿಂಗ್ ತೆರೆದು ಪ್ಲಾಟ್ ಒತ್ತಿದ ಹುಡುಗ. ಆಫೀಸಿನ ಕಡೆಯಿಂದ ಪ್ಲಾಟರ್ ಎದ್ದ ಸದ್ದು ಕೇಳಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ ಈ ಸಲ. ಕಾಕಾ ಹೋಗಿ ಹಾಳೆ ಹರಿದು ತಂದು ಬೆಳಕಿಗೆ ಹಿಡಿದು ನೋಡಿದರು.

ಇಲ್ಲಿಗೆ ನಿಲ್ಲಿಸಿದರೆ ಮುಂದಿನ ರೀಬೂಟಿಗೆ ಸೇರಿಸಿದ್ದು ಹೋಗುತ್ತೆ. ಅದಕ್ಕೆ ಬೂಟ್ ಆಗುವಾಗ ಮಷೀನು ಓದುವ /ಇಟಿಸಿ/ವಿಎಫ್‌ಎಸ್‌ಟ್ಯಾಬ್‌ನಲ್ಲಿ ಒಂದು ಸಾಲು ಬರೆಯಬೇಕು. ಏಳು ಕಾಲಂ. ಫೈಲಿನ ದಾರಿ, ಡ್ಯಾಶ್, ಡ್ಯಾಶ್, ಸ್ವಾಪ್, ಡ್ಯಾಶ್, ನೋ, ಡ್ಯಾಶ್. ಡ್ಯಾಶ್ ಬರೀ ಅಲಂಕಾರ ಅಂದುಕೊಂಡು ಒಂದನ್ನು ಬಿಟ್ಟರೆ ಕಾಲಂ ಎಲ್ಲ ಒಂದು ಮನೆ ಸರಿದು ಸಾಲು ಕೆಡುತ್ತೆ. ಹುಡುಗನ ಕೈಯಲ್ಲೇ ಬರೆಸಿದೆ, ಜೋರಾಗಿ ಎಣಿಸುತ್ತಾ. ಅದರ ಮೇಲೇ /ಟಿಎಂಪಿಯ ಸಾಲು ಇತ್ತು. ಅದರ ಕೊನೆಯ ಡ್ಯಾಶ್ ತೆಗೆದು 'ಸೈಜ್=20ಎಂ' ಅಂತ ಹಾಕಿಸಿದೆ. ಮುಂದಿನ ಬೂಟಿನಿಂದ /ಟಿಎಂಪಿ 20 ಎಂಬಿ ದಾಟಿ ಬೆಳೆಯೋದಿಲ್ಲ. ಸ್ಕ್ರಿಪ್ಟಿನ ಕೊನೆಗೆ ಅಳಿಸುವ ಒಂದು ಸಾಲನ್ನು ಅವನೇ ಸೇರಿಸಿದ, ನಾನು ಹೇಳುವ ಮೊದಲೇ.

ಸ್ವಾಪ್ ಹೆಚ್ಚಾಯಿತು ಅಂತ ಮಷೀನೇನೂ ಜೋರಾಗಿ ಓಡೋದಿಲ್ಲ, ಇದನ್ನು ಕಾಕಾಗೆ ಹೇಳಬೇಕಾಯಿತು. ಅವರು ಕೇಳಿಯೇಬಿಟ್ಟಿದ್ದರು. 'ವಿಎಂಸ್ಟ್ಯಾಟ್ 5' ಹಚ್ಚಿ ಎಸ್ಆರ್ ಅನ್ನುವ ಕಾಲಂ ತೋರಿಸಿದೆ. ಖಾಲಿ ಪುಟ ಹುಡುಕಲು ಕರ್ನಲ್ ಸೆಕೆಂಡಿಗೆ ಎಷ್ಟು ಪುಟ ಜಾಲಾಡುತ್ತಿದೆ ಅನ್ನೋ ಲೆಕ್ಕ ಅದು. ಅದು ಸೊನ್ನೆಯ ಹತ್ತಿರ ಇದ್ದರೆ ಮೆಮೊರಿ ಸಾಕು. ನೂರುಗಳಲ್ಲಿ ನಿಂತುಬಿಟ್ಟರೆ ಸ್ವಾಪ್ ಎಷ್ಟು ಸುರಿದರೂ ಆಗದು, ಮೆಮೊರಿಯೇ ಹಾಕಬೇಕು. ಇಲ್ಲಿ ದೊಡ್ಡ ಡ್ರಾಯಿಂಗ್ ತೆರೆಯುವಾಗ ಏರಿ ಮತ್ತೆ ಇಳಿಯಿತು. ನಡೆಯುತ್ತೆ. ಈ ಮಷೀನು 256 ಎಂಬಿ ತನಕ ಹಿಡಿಸುತ್ತೆ, ಆದರೆ ಆ ಮೆಮೊರಿ ಕಡ್ಡಿ ಈಗ ಹುಡುಕೋದು ಅಂದರೆ ಜುನಾ ಬಜಾರಿನಲ್ಲಿ ಬುಧವಾರ, ಭಾನುವಾರ ಅಲೆಯಬೇಕು.

ಮಧ್ಯಾಹ್ನ ಕಾಕಾನ ಮನೆಯಿಂದ ಡಬ್ಬಿ ಬಂದಿತ್ತು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ಊಟ ಮಾಡುವಾಗ ಹುಡುಗ ತಟ್ಟೆ ನೋಡುತ್ತಲೇ ಕೇಳಿದ.

"ಸರ್, ಅಳಿಸಿದ್ದು ವಾಪಸ್ ಬರ್ತದೇನ್ರಿ?"

ಇಷ್ಟು ಹೊತ್ತು ಯಾರೂ ಎತ್ತದ ಮಾತು. ಈ ಡಿಸ್ಕಿನ ಫೈಲ್ ಸಿಸ್ಟಂ ಆದ ಯುಎಫ್‌ಎಸ್ಸಿನಲ್ಲಿ ಅಳಿಸಿದ್ದನ್ನು ವಾಪಸ್ ತರೋದು ಕಷ್ಟ. ಅದರ ಮೇಲೆ ನಾನೇ 128 ಎಂಬಿ ಸೊನ್ನೆ ಬೇರೆ ತುಂಬಿದ್ದೆ. ಇದು ನನ್ನ ತಪ್ಪು. ಸ್ವಾಪ್ ಫೈಲ್ ಮಾಡುವ ಮೊದಲು ಬ್ಯಾಕಪ್ ಇದೆಯಾ ಅಂತ ಕೇಳಬೇಕಿತ್ತು. ದೋಷ ಹುಡುಕಿದ ಖುಷಿಯಲ್ಲಿ ಕೇಳಲಿಲ್ಲ.

ಕಾಕಾ ಕೈ ತೊಳೆದುಕೊಂಡು ಒಳಗೆ ಹೋಗಿ ಬಿಸ್ಕತ್ತಿನ ತಗಡಿನ ಡಬ್ಬಿ ತಂದರು. ಒಳಗೆ 4 ಎಂಎಂ ಡ್ಯಾಟ್ ಟೇಪುಗಳು, ಹನ್ನೊಂದು. ಪ್ರತಿಯೊಂದರ ಮೇಲೂ ಕಾಕಾನ ಕೈಬರಹದಲ್ಲಿ ತಾರೀಖು, ಕೆಳಗೆ ಗಿರಾಕಿಯ ಹೆಸರು. ಕೊನೆಯದು 2004. ಅಳಿಸಿದ್ದು 1997ರಿಂದ 2001ರ ಜಾಬ್.

"ಡ್ರೈವ್ ಕೆಟ್ಟು ವರ್ಷ ಆತು, ಟೇಪ್ ಅದಾವ" ಅಂದರು.

ನನ್ನ ಮನೆಯ ಅಟ್ಟದ ಮೇಲೆ ಒಂದು ಸ್ಕಸಿ ಡ್ಯಾಟ್ ಡ್ರೈವ್ ಇದೆ. ಹೆಂಡತಿ ಎರಡು ಸಲ ಗುಜರಿಗೆ ಹಾಕಲು ಹೊರಟಿದ್ದಳು. ಕೇಬಲ್ ಹೊಂದುತ್ತಾ ನೋಡಬೇಕು. ಎನ್‌ವಿರ್ಯಾಮ್ ಚಿಪ್ ಹೊಸದು ಸಿಗುತ್ತಾ ಅಂತಲೂ ಹುಡುಗನಿಗೆ ಹುಡುಕಲು ಹೇಳಿದ್ದೇನೆ. ಮುಂದಿನ ಗುರುವಾರ ಮತ್ತೆ ಭೋಸರಿ.